ಅಂಚಿನಲ್ಲಿ ಅಚ್ಚಾಗಿದ್ದ ಒಂದು ಇಸವಿ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಯುವತಿಯಿಂದಲೂ ಆಕೆಯ ತಂದೆಯಿಂದಲೂ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆ ಕರಾವಳಿಯ ಒಂದು ಪಟ್ಟಣದವಳು, ವಯಸ್ಸು ಇಪ್ಪತ್ತೆರಡು, ಎಂ.ಎಸ್‌ಸಿ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಬಾಸೆಲ್ ಮಿಷನ್ನಿನ ಕಾಲದಿಂದಲೂ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ಮನೆತನ ಅವರದು. ಮುತ್ತಜ್ಜ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. ತಂದೆ ನಿವೃತ್ತ ಪ್ರೌಢಶಾಲಾ ಶಿಕ್ಷಕರು ಮತ್ತು ಸಭೆಯ ಹಿರಿಯರಲ್ಲಿ ಒಬ್ಬರು. ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದಾಗ ಆಕೆ ಹೇಳಿಕೊಂಡ ತೊಂದರೆ ನಿದ್ದೆಯದು. ಎರಡು ತಿಂಗಳಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು, ಎದೆ ಹಿಡಿದಂತಾಗುತ್ತಿತ್ತು, ಬೆಳಗಿನವರೆಗೆ ಮೊಬೈಲಿನಲ್ಲಿ ಸೃಷ್ಟಿಯ ಪರವಾಗಿಯೂ ವಿರುದ್ಧವಾಗಿಯೂ ವಾದಿಸುವ ವಿಡಿಯೋಗಳನ್ನು ನೋಡುತ್ತ ಮಲಗಿರುತ್ತಿದ್ದಳು. ವೈದ್ಯರ ತಪಾಸಣೆಯಲ್ಲಿ ದೈಹಿಕ ಕಾರಣವೇನೂ ಕಂಡುಬಂದಿರಲಿಲ್ಲ.

ಇದು ಶುರುವಾದದ್ದು ಒಂದು ಭಾನುವಾರ. ಆಕೆ ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಅಂದು ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ, ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿದ ವೃತ್ತಾಂತ. ಏಳು ವರ್ಷದ ಹುಡುಗನೊಬ್ಬ ಎದ್ದು ನಿಂತು, "ಅಕ್ಕಾ, ಸೂರ್ಯ ಬಂದದ್ದು ನಾಲ್ಕನೇ ದಿನ ಅಲ್ವಾ, ಹಾಗಾದ್ರೆ ಅದಕ್ಕೆ ಮೊದಲು ಸಾಯಂಕಾಲ ಹೇಗಾಯ್ತು?" ಎಂದು ಕೇಳಿದ. ಆಕೆಗೆ ಉತ್ತರ ಹೊಳೆಯಲಿಲ್ಲ. ಆ ವಾರ ಆಕೆಯ ಪ್ರಾಜೆಕ್ಟಿನ ಕೆಲಸವೂ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುವ ವೇಗವನ್ನು ಲೆಕ್ಕ ಹಾಕುವುದೇ ಆಗಿತ್ತು. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ವಾಚನದ ಸರದಿ ಬಂದಾಗ ಆಕೆಗೆ ದನಿಯೇ ಹೊರಡಲಿಲ್ಲ. ಮರುದಿನ ತಂದೆ ಆಕೆಯ ಪ್ರಾಜೆಕ್ಟ್ ಪುಸ್ತಕ ತೆರೆದು ನೋಡಿ, ವಿಶ್ವದ ವಯಸ್ಸು 1380 ಕೋಟಿ ವರ್ಷ ಎಂದು ಬರೆದದ್ದರ ಮೇಲೆ ಬೆರಳಿಟ್ಟು, "ಇದೋ, ಸತ್ಯವೇದವೋ, ಒಂದನ್ನು ಹೇಳು" ಎಂದರಂತೆ. ಅಂದಿನಿಂದ ಆಕೆ ಸಂಡೇ ಸ್ಕೂಲನ್ನೂ ಬಿಟ್ಟಳು, ತಂದೆಯ ಎದುರಿಗೆ ಕುಳಿತು ಊಟ ಮಾಡುವುದನ್ನೂ ಬಿಟ್ಟಳು.

ಮೊದಲ ಭೇಟಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಎರಡು ತಿಂಗಳಲ್ಲಿ ನೀವು ಏನನ್ನು ಕಳೆದುಕೊಂಡಿದ್ದೀರಿ? ಆಕೆ ಬಹಳ ಹೊತ್ತು ಯೋಚಿಸಿ, "ಮೊದಲು ಪ್ರಾರ್ಥನೆ ಮಾಡುವಾಗ ಯಾರೋ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು ಮೇಡಂ. ಈಗ ಗೋಡೆಗೆ ಹೇಳಿದ ಹಾಗಿದೆ" ಎಂದಳು. ಆಕೆ ನಂಬಿಕೆಯನ್ನು ಬಿಟ್ಟು ನನ್ನ ಬಳಿ ಬಂದವಳಲ್ಲ, ಅದನ್ನು ಕಳೆದುಕೊಳ್ಳುವ ಭಯದಿಂದ ಬಂದವಳು ಎಂಬುದು ಆ ಮಾತಿನಿಂದ ನನಗೆ ಸ್ಪಷ್ಟವಾಯಿತು. ನಾನು ಕ್ರೈಸ್ತಳಲ್ಲ, ಅದನ್ನು ಅಂದೇ ಆಕೆಗೆ ಹೇಳಿ, ದೇವತಾಶಾಸ್ತ್ರದ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ, ಅದಕ್ಕೆ ಬಲ್ಲವರನ್ನು ಹುಡುಕೋಣ ಎಂದೆ. ನಿದ್ದೆಯ ಮಟ್ಟಿಗೆ, ರಾತ್ರಿ ಒಂಬತ್ತರ ನಂತರ ಆ ವಿಡಿಯೋಗಳನ್ನು ತೆರೆಯಬಾರದು, ಮೊಬೈಲು ಬೇರೆ ಕೋಣೆಯಲ್ಲಿರಬೇಕು, ಮುಂದಿನ ಮೂರು ತಿಂಗಳು ದೇವರ ಬಗ್ಗೆ ಯಾವ ಅಂತಿಮ ತೀರ್ಮಾನವನ್ನೂ ಮಾಡಬಾರದು ಎಂದು ಸೂಚಿಸಿದೆ. ಈ ಕೊನೆಯ ಸೂಚನೆಯನ್ನು ಕೇಳಿ ಆಕೆ ಮೊದಲ ಸಲ ನಕ್ಕಳು: "ಹಾಗೂ ಮಾಡಬಹುದಾ?"

ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಪ್ರಕರಣ ತಿರುಗಿದ್ದೇ ಅಲ್ಲಿ. ಆಕೆಯ ಪ್ರಾಜೆಕ್ಟಿನ ಶೀರ್ಷಿಕೆಯಲ್ಲಿ ಹಬಲ್–ಲೆಮೇತ್ರ್ ನಿಯಮ ಎಂಬ ಹೆಸರಿತ್ತು, ಗೆಲಾಕ್ಸಿ ದೂರವಿದ್ದಷ್ಟೂ ಹೆಚ್ಚು ವೇಗವಾಗಿ ನಮ್ಮಿಂದ ಸರಿಯುತ್ತದೆ ಎನ್ನುವ ನಿಯಮ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹಬಲ್ ನಿಯಮವನ್ನು ಹೀಗೆ ಕರೆಯಬೇಕೆಂದು ಶಿಫಾರಸು ಮಾಡಿದ್ದು 2018ರಲ್ಲಿ. ಅಮೆರಿಕದ ಖಗೋಳವಿಜ್ಞಾನಿ ಹಬಲ್ ಯಾರೆಂದು ಆಕೆಗೆ ಗೊತ್ತಿತ್ತು. ಲೆಮೇತ್ರ್ ಒಬ್ಬ ಪಾದ್ರಿಯೆಂದು ಗೊತ್ತಿರಲಿಲ್ಲ. ಬೆಲ್ಜಿಯಂನ ಜಾರ್ಜ್ ಲೆಮೇತ್ರ್ 1923ರಲ್ಲಿ ಗುರುದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ. ಐನ್‌ಸ್ಟೈನರ ಸಮೀಕರಣಗಳಿಂದ ವಿಶ್ವ ಹಿಗ್ಗುತ್ತಿದೆ ಎಂಬುದನ್ನು 1927ರಲ್ಲೇ, ಅಂದರೆ ಹಬಲ್ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸುವುದಕ್ಕೆ ಎರಡು ವರ್ಷ ಮೊದಲೇ, ಬರೆದವರು. 1931ರಲ್ಲಿ ಎಲ್ಲವೂ ಒಂದು ಆದಿಪರಮಾಣುವಿನಿಂದ ಬಂದಿರಬೇಕೆಂಬ, ಮುಂದೆ ಮಹಾಸ್ಫೋಟ ಸಿದ್ಧಾಂತವಾಗಿ ಬೆಳೆದ ಊಹೆಯನ್ನು ಮುಂದಿಟ್ಟವರು. ಇದನ್ನೆಲ್ಲ ನಾನು ಜ್ವರಕ್ಕೆ ಗುಳಿಗೆ ಕೊಟ್ಟ ಹಾಗೆ ಕೊಟ್ಟುಬಿಟ್ಟೆ. ಆಕೆಯ ಮುಖ ಅರಳಿತು, ನನಗೂ ಸಂತೋಷವಾಯಿತು.

ಆಕೆ ನೇರವಾಗಿ ಮನೆಗೆ ಹೋಗಿ ತಂದೆಯ ಮುಂದೆ ನಿಂತು, "ಪಪ್ಪ, ಮಹಾಸ್ಫೋಟವನ್ನು ಹೇಳಿದ್ದೇ ಒಬ್ಬ ಪಾದ್ರಿ. ದೇವರು ಬೆಳಕಾಗಲಿ ಅಂದದ್ದು ಅದೇ. ವಿಜ್ಞಾನವೇ ದೇವರನ್ನು ಸಾಬೀತು ಮಾಡಿದೆ" ಎಂದಳಂತೆ. ತಂದೆ ಕನ್ನಡಕ ತೆಗೆದಿಟ್ಟು, ನಿಧಾನವಾಗಿ, "ನಿಮ್ಮ ಸಿದ್ಧಾಂತ ಮುಂದೊಂದು ದಿನ ತಪ್ಪೆಂದಾದರೆ ನಿನ್ನ ದೇವರೂ ತಪ್ಪಾಗುತ್ತಾನೋ?" ಎಂದು ಕೇಳಿದರಂತೆ. ಆಕೆ ಮೂರನೆಯ ಭೇಟಿಗೆ ಬಂದಾಗ ಹಿಂದಿಗಿಂತಲೂ ಕುಸಿದಿದ್ದಳು.

ನಾನು ಮನೆಗೆ ಹೋಗಿ ಲೆಮೇತ್ರ್ ಅವರ ಬಗ್ಗೆ ಮತ್ತಷ್ಟು ಓದಿದೆ. ಮೊದಲೇ ಓದಬೇಕಿತ್ತು. 1951ರ ನವೆಂಬರಿನಲ್ಲಿ ಪೋಪ್ 12ನೆಯ ಪಯಸ್ ಅವರು ವಿಜ್ಞಾನಿಗಳ ಸಭೆಯೊಂದರಲ್ಲಿ ಮಾತನಾಡುತ್ತ, ವಿಶ್ವಕ್ಕೆ ಆರಂಭವಿದೆಯೆಂಬ ಹೊಸ ತಿಳಿವಳಿಕೆಯನ್ನು ಸೃಷ್ಟಿಕರ್ತನಿರುವುದಕ್ಕೆ ಸಾಕ್ಷಿಯೆಂಬಂತೆ ಎತ್ತಿಹಿಡಿದರು. ಅದರಿಂದ ಅತ್ಯಂತ ಕಸಿವಿಸಿಗೊಂಡವರಲ್ಲಿ ಲೆಮೇತ್ರ್ ಅವರೂ ಒಬ್ಬರು. ತಮ್ಮ ಊಹೆ ಭೌತಶಾಸ್ತ್ರದ ಊಹೆ, ನಾಳೆ ಬದಲಾಗಬಹುದಾದದ್ದು, ಧರ್ಮದ ಪ್ರಶ್ನೆಯ ಹೊರಗಿರುವಂಥದ್ದು, ಆಸ್ತಿಕರಿಗೂ ನಾಸ್ತಿಕರಿಗೂ ಅದು ಸಮಾನವಾಗಿ ತೆರೆದಿದೆ ಎಂಬುದು ಅವರ ನಿಲುವಾಗಿತ್ತು. ಮರುವರ್ಷ ರೋಮಿನಲ್ಲಿ ಖಗೋಳವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಂದರೆ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಗಳಿಗೆ ಹಾಕಿದ ಆಕ್ಷೇಪಣೆಯೂ ಮಹಾಸ್ಫೋಟದ ಜನಕ ಪೋಪ್ ಅವರ ಮಾತಿನ ಬಗ್ಗೆ ಇಟ್ಟುಕೊಂಡಿದ್ದ ಆಕ್ಷೇಪಣೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಇದನ್ನು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಪಪ್ಪ ಹೇಳಿದ್ದು ಸರಿ" ಎಂದಳು. ಆ ಒಂದು ವಿಷಯದಲ್ಲಿ ಸರಿ ಎಂದು ನಾನೂ ಒಪ್ಪಿಕೊಂಡೆ. ನಂತರ ನಾವಿಬ್ಬರೂ ಕಾಗದ ತೆಗೆದುಕೊಂಡು, ಮಹಾಸ್ಫೋಟ ಸಿದ್ಧಾಂತ ಏನನ್ನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಆಕೆಯ ವಿದ್ಯೆಯ ಆಧಾರದ ಮೇಲೆಯೇ ಬರೆದೆವು. ಅತ್ಯಂತ ದಟ್ಟವೂ ಬಿಸಿಯೂ ಆಗಿದ್ದ ಸ್ಥಿತಿಯಿಂದ ವಿಶ್ವ ಹಿಗ್ಗುತ್ತ ತಣ್ಣಗಾಯಿತು ಎಂಬುದಕ್ಕೆ ಗಟ್ಟಿ ಪುರಾವೆಗಳಿವೆ: ಗೆಲಾಕ್ಸಿಗಳ ಸರಿಯುವಿಕೆ, ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದ ಸುಮಾರು ಕಾಲು ಭಾಗ ಹೀಲಿಯಂ ಇರುವುದು, ಪೆಂಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ಪ್ರಕಟಿಸಿದ, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ, ನಿರಪೇಕ್ಷ ಶೂನ್ಯಕ್ಕಿಂತ ಮೂರು ಡಿಗ್ರಿಗೂ ಕಡಿಮೆ ಮೇಲಿರುವ ಆ ಮಂದ ವಿಕಿರಣ. ಲೆಮೇತ್ರ್ ಈ ಸುದ್ದಿಯನ್ನು ಕೇಳಿದ್ದು 1966ರಲ್ಲಿ, ಆಸ್ಪತ್ರೆಯಲ್ಲಿ, ಸಾಯುವುದಕ್ಕೆ ಸ್ವಲ್ಪವೇ ಮೊದಲು. ಆದರೆ ಏನೂ ಇಲ್ಲದಿರುವುದರ ಬದಲು ಏನಾದರೂ ಏಕಿದೆ ಎಂಬ ಪ್ರಶ್ನೆಯನ್ನು ಆ ಸಮೀಕರಣಗಳು ಮುಟ್ಟುವುದೇ ಇಲ್ಲ. ಇದನ್ನು ಕೊನೆಯ ಸಾಲಾಗಿ ಬರೆದದ್ದು ಆಕೆ.

ಉಳಿದದ್ದು ತಂದೆಯ ಆರು ದಿನಗಳು. ನಾಲ್ಕನೆಯ ಭೇಟಿಗೆ ತಂದೆಯೂ ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲಿ ಒಂದು ಹಳೆಯ ಇಂಗ್ಲಿಷ್ ಬೈಬಲ್. ಮುತ್ತಜ್ಜನಿಗೆ ಸೇರಿದ್ದು, ಬೆನ್ನಿಗೆ ಬಟ್ಟೆ ಅಂಟಿಸಿದ್ದು, ಮೊದಲ ಖಾಲಿ ಹಾಳೆಯಲ್ಲಿ ಮೂರು ತಲೆಮಾರಿನ ಜನನ–ಮರಣಗಳು ಬೇರೆ ಬೇರೆ ಶಾಯಿಯಲ್ಲಿ. ಅವರು ಅದರ ಆರಂಭದ ಪುಟವನ್ನು ತೆರೆದು ನನ್ನ ಕಡೆ ತಿರುಗಿಸಿ, "ಇಲ್ಲಿ ಇಸವಿಯೇ ಅಚ್ಚಾಗಿದೆಯಲ್ಲ ಮೇಡಂ" ಎಂದರು. ಸಣ್ಣ ಅಕ್ಷರದಲ್ಲಿ ಕ್ರಿಸ್ತಪೂರ್ವ 4004 ಎಂದಿತ್ತು. ಆ ಸಂಖ್ಯೆ ವಚನದೊಳಗಿದೆಯೇ, ಅಂಚಿನಲ್ಲಿದೆಯೇ ಎಂದು ನಾನು ಕೇಳಿದೆ. ಅವರು ಬಗ್ಗಿ ನೋಡಿದರು. ಅಂಚಿನಲ್ಲಿತ್ತು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬವರು ವಂಶಾವಳಿಗಳನ್ನು ಕೂಡಿಸಿ ಕಳೆದು 1650ರಲ್ಲಿ ಪ್ರಕಟಿಸಿದ, ಸೃಷ್ಟಿ ಯಾವ ಇಸವಿಯಲ್ಲಾಯಿತೆಂಬ ಲೆಕ್ಕ ಅದು. 1701ರಿಂದೀಚೆಗೆ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಅಚ್ಚಾಗುತ್ತ ಬಂದು, ಓದುವವರ ಕಣ್ಣಿಗೆ ವಚನದ ಭಾಗವೇ ಆಗಿಹೋಯಿತು. ಅವರು ಏನೂ ಹೇಳದೆ ಪುಸ್ತಕ ಮುಚ್ಚಿದರು.

ಆಮೇಲೆ ಮಗಳನ್ನು ಹೊರಗೆ ಕೂರಿಸಿ ಮಾತಾಡಿದಾಗ ಅವರ ನಿಜವಾದ ಆತಂಕ ಹೊರಬಂತು. ಹಿರಿಯ ಮಗ ವಿದೇಶದಲ್ಲಿದ್ದಾನೆ, ಆರಾಧನೆಗೆ ಹೋಗುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗಿದೆ. "ಮೊದಲು ಆರು ದಿನಗಳನ್ನು ಬಿಡುತ್ತಾರೆ, ಕಡೆಗೆ ಕ್ರಿಸ್ತನ ಪುನರುತ್ಥಾನವನ್ನೂ ಬಿಡುತ್ತಾರೆ" ಎಂದರು. ಇದನ್ನು ಹಳೆಯ ಕಾಲದವರ ಹಠವೆಂದು ತಳ್ಳಿಹಾಕುವ ಸಲಹೆಗಾರರಿದ್ದಾರೆ; ನನಗೆ ಅದು ತೂಕವಿರುವ ವಾದವಾಗಿಯೇ ಕಂಡಿತು, ನಾನು ಉತ್ತರಿಸಬಹುದಾದದ್ದಲ್ಲ ಎಂದೂ ಕಂಡಿತು. ಆದ್ದರಿಂದ ಇಬ್ಬರ ಒಪ್ಪಿಗೆಯಿಂದ, ಅವರೇ ಗೌರವಿಸುತ್ತಿದ್ದ ಒಬ್ಬ ನಿವೃತ್ತ ಸಭಾಪಾಲಕರ ಬಳಿಗೆ ಇಬ್ಬರನ್ನೂ ಕಳುಹಿಸಿದೆ.

ಅಲ್ಲಿ ನಡೆದದ್ದನ್ನು ಆಕೆ ನಂತರ ನನಗೆ ವಿವರಿಸಿದಳು. ಮೊದಲ ಮೂರು ದಿನಗಳಲ್ಲಿ ಎಡೆಗಳು ಸಿದ್ಧವಾಗುವುದನ್ನೂ ಮುಂದಿನ ಮೂರು ದಿನಗಳಲ್ಲಿ ಅದೇ ಕ್ರಮದಲ್ಲಿ ಅವು ತುಂಬುವುದನ್ನೂ, ಬೆಳಕಿಗೆ ಪ್ರತಿಯಾಗಿ ಸೂರ್ಯಚಂದ್ರರು, ಆಕಾಶಕ್ಕೂ ನೀರಿಗೂ ಪಕ್ಷಿ ಮತ್ತು ಮೀನುಗಳು, ಒಣನೆಲಕ್ಕೆ ಮೃಗಗಳೂ ಮನುಷ್ಯನೂ ಬರುವುದನ್ನೂ ಸಭಾಪಾಲಕರು ಬೆರಳು ಮಡಿಸಿ ತೋರಿಸಿದರಂತೆ. ಎರಡನೆಯ ಅಧ್ಯಾಯದಲ್ಲಿ ಮನುಷ್ಯನನ್ನು ರೂಪಿಸಿದ ನಂತರ ಮರಗಿಡಗಳೂ ಪ್ರಾಣಿಗಳೂ ಬರುತ್ತವೆ; ಎರಡನ್ನೂ ಪಕ್ಕಪಕ್ಕದಲ್ಲಿ ಉಳಿಸಿಕೊಂಡವರಿಗೆ ದಿನಚರಿ ಬರೆಯುವ ಉದ್ದೇಶವಿರಲಿಲ್ಲ ಎಂದರಂತೆ. ಪುನರುತ್ಥಾನದ ವಿಷಯ ಹಾಗಲ್ಲ, ಅಲ್ಲಿ ಕಂಡವರ ಹೆಸರುಗಳಿವೆ, ಕಂಡೆವೆಂದು ಹೇಳುವವರಿದ್ದಾರೆ; ಎರಡೂ ಒಂದೇ ಬಗೆಯ ಬರಹವಲ್ಲ, ಒಂದನ್ನು ಓದುವ ರೀತಿಯಲ್ಲಿ ಇನ್ನೊಂದನ್ನು ಓದಬೇಕಾಗಿಲ್ಲ ಎಂಬುದು ಅವರ ಉತ್ತರ. ಆ ಹುಡುಗನ ಪ್ರಶ್ನೆಯನ್ನು ಕೇಳಿ ಅವರು ಜೋರಾಗಿ ನಕ್ಕರಂತೆ: ಸೂರ್ಯನಿಲ್ಲದೆ ಸಾಯಂಕಾಲ ಹೇಗಾಯಿತೆಂದು ಮೂರನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಒರಿಗೆನ್ ಕೇಳಿದ್ದರು, ಆ ದಿನಗಳು ಎಂಥವು ಎಂಬ ವಿಷಯದಲ್ಲಿ ಸಂತ ಅಗಸ್ಟೀನರೂ ತಲೆ ಕೆಡಿಸಿಕೊಂಡಿದ್ದರು.

ಇದಾದ ಮೇಲೆ ನಾನು ಕೊಟ್ಟ ಸಲಹೆಗಳು ಹೆಚ್ಚೇನಲ್ಲ. ಪ್ರಾರ್ಥನೆಯ ಹೊತ್ತನ್ನೂ ಊಟದ ಹೊತ್ತನ್ನೂ ವಾದಕ್ಕೆ ಬಳಸಬಾರದು. ಮಾತಾಡಲೇಬೇಕಾದರೆ ಭಾನುವಾರ ಮಧ್ಯಾಹ್ನ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಮಗಳು ವಿಜ್ಞಾನದಿಂದ ದೇವರನ್ನು ಸಾಬೀತು ಮಾಡುವುದನ್ನೂ ತಂದೆ ದೇವರ ಹೆಸರಿನಲ್ಲಿ ಲೆಕ್ಕವನ್ನು ಅಳಿಸುವುದನ್ನೂ ಬಿಡಬೇಕು. "ಒಂದನ್ನು ಹೇಳು" ಎಂಬ ಮಾತನ್ನು ಮನೆಯಲ್ಲಿ ಮತ್ತೆ ಆಡುವುದಿಲ್ಲವೆಂದು ತಂದೆಯಿಂದ ಮಾತು ತೆಗೆದುಕೊಂಡೆ. ಅವರು ತಡವರಿಸಿಯೇ ಒಪ್ಪಿದರು. ಕುಟುಂಬ ಪ್ರಾರ್ಥನೆಯಲ್ಲಿ ವಾಚನಕ್ಕೆ ಮರಳುವುದಾದರೆ ಆದಿಕಾಂಡದಿಂದ ಶುರು ಮಾಡದೆ ಕೀರ್ತನೆಗಳಿಂದ ಶುರು ಮಾಡಲು, ಮರಳದಿದ್ದರೂ ಅದನ್ನು ತಪ್ಪೆಂದು ಎಣಿಸದಿರಲು ಆಕೆಗೆ ಹೇಳಿದೆ. ಹುಡುಗನಿಗೆ, ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಿ, ನಿನ್ನ ಪ್ರಶ್ನೆಯನ್ನು ದೊಡ್ಡ ದೊಡ್ಡವರೂ ಕೇಳಿದ್ದಾರೆ ಎಂದು ತಿಳಿಸಬಹುದು ಎಂದೆ.

ಒಟ್ಟು ಏಳು ಭೇಟಿಗಳಾದವು. ಏಳನೆಯದರ ಹೊತ್ತಿಗೆ ಆಕೆಗೆ ಆರು ಗಂಟೆ ನಿದ್ದೆ ಬರುತ್ತಿತ್ತು. ಗೋಡೆಯ ಮಾತು ಪೂರ್ತಿ ಹೋಗಿರಲಿಲ್ಲ, ಕೆಲವು ದಿನ ಹಾಗೆಯೇ ಅನ್ನಿಸುತ್ತದೆ ಎಂದಳು. ಸಂಡೇ ಸ್ಕೂಲಿಗೆ ಮರಳಿದ್ದಳು, ಆದರೆ ಬೇರೆ ತರಗತಿಗೆ. ಹೊರಡುವ ಮುಂಚೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಮುತ್ತಜ್ಜನ ಬೈಬಲಿನ ಮೊದಲ ಪುಟ. ಅಂಚಿನ 4004ರ ಪಕ್ಕದಲ್ಲಿ ತಂದೆಯ ದುಂಡು ಅಕ್ಷರದಲ್ಲಿ, ಪೆನ್ಸಿಲಿನಿಂದ, "ಇದು ಅಷರ್ ಅವರ ಲೆಕ್ಕ" ಎಂದು ಬರೆದಿತ್ತು. ಮಗಳ 1380 ಕೋಟಿಯನ್ನು ಅವರು ಎಲ್ಲೂ ಬರೆದಿರಲಿಲ್ಲ.