ಸರ್ಕಾರಿ ಬಸ್ಸಿನಲ್ಲಿ ಬಿದ್ದು ಕೈ ಮುರಿದಿದೆ. ಡ್ರೈವರ್ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡದೆ ಪರಿಹಾರ ಪಡೆಯಬಹುದಾ?

"ಪಾಪ, ಡ್ರೈವರ್‌ಗೂ ಸಂಸಾರ ಇದೆ, ಡಿಪೋದವರು ಖರ್ಚು ಕೊಡ್ತೀವಿ ಅಂದಿದ್ದಾರೆ" ಅಂತ ಬರೆದಿದ್ದೀರಲ್ಲ, ಓದಿ ಹೊಟ್ಟೆ ಚುರ್ ಅಂತು. ಒಂದಕ್ಷರ ಬಿಡದೆ ನಾನೂ ಇದನ್ನೇ ಹೇಳಿದ್ದೆ.

ನಾನು ಟೈಲರ್. ನಮ್ಮ ಬಸ್ಸು ಮುಂದಿದ್ದ ಲಾರಿಗೆ ಹಿಂದಿನಿಂದ ತಾಗಿತು. ದೊಡ್ಡ ಡಿಕ್ಕಿಯೇನಲ್ಲ, ಲಾರಿಯವನು ಬೈದು ಹೊರಟೇ ಹೋದ. ಆದರೆ ನಿಂತಿದ್ದ ನಾನು ಮುಗ್ಗರಿಸಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಕಂಡಕ್ಟರ್ ಒಳ್ಳೆಯವನೇ, ಆಟೊ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಾಗಿಲಲ್ಲಿ ಮೆಲ್ಲಗೆ ಹೇಳಿದ: "ಅಣ್ಣಾ, ಆಕ್ಸಿಡೆಂಟ್ ಅಂತ ಬರೆಸಿದ್ರೆ ಡ್ರೈವರ್ ಸಸ್ಪೆಂಡ್ ಆಗ್ತಾರೆ. ಸ್ಟ್ಯಾಂಡಲ್ಲಿ ಕಾಲು ಜಾರಿತು ಅನ್ನಿ. ಖರ್ಚು ನಾವು ನೋಡ್ಕೋತೀವಿ."

ಅಂದೆ. ಡಾಕ್ಟರ್ ಹಾಗೇ ಬರೆದುಕೊಂಡರು.

ಆ ಒಂದು ಸಾಲು ಏನು ಮಾಡಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಅಪಘಾತ ಅಂದಿದ್ದರೆ ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯ ಅನ್ನೋ ದಾಖಲೆ) ಮಾಡುತ್ತಿದ್ದರು, ಪೊಲೀಸರಿಗೆ ಮಾಹಿತಿ ಹೋಗುತ್ತಿತ್ತು, ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡುವ ಪತ್ರ) ಎಲ್ಲ ಒಂದರ ಹಿಂದೆ ಒಂದು ಬರುತ್ತಿದ್ದವು. ಕಾಲು ಜಾರಿದ್ದು ಅಂದ ಮೇಲೆ ಯಾವುದೂ ಇಲ್ಲ. ಖರ್ಚು ಕೊಡುತ್ತೇವೆ ಅಂದವರು ಎರಡು ಸಲ ಫೋನ್ ಎತ್ತಿದರು, ಆಮೇಲೆ ಎತ್ತಲಿಲ್ಲ. ಆಗ ಎಚ್ಚೆತ್ತು ಕಂಪ್ಲೇಂಟ್ ಕೊಟ್ಟು ಎಂವಿಸಿ ಕೇಸ್, ಅಂದರೆ ವಾಹನ ಅಪಘಾತದ ಪರಿಹಾರದ ಕೇಸ್, ಹಾಕಿದೆ. ತಡವಾಗಿದ್ದು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಎಫ್‌ಐಆರ್ ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನನ್ನನ್ನು ಮುಳುಗಿಸಿದ್ದು ಆಸ್ಪತ್ರೆಯಲ್ಲಿ ಡಾಕ್ಟರ್ ಬರೆದುಕೊಂಡ ಕೇಸ್ ಶೀಟ್. ಬಿದ್ದ ಗಂಟೆಯೊಳಗೆ, ದುಡ್ಡಿನ ಯೋಚನೆಯೇ ಇಲ್ಲದಾಗ, ನನ್ನ ಬಾಯಿಂದಲೇ ಬಂದ ಮಾತು ಅದು. ಆಮೇಲೆ ಹೇಳಿದ್ದಕ್ಕಿಂತ ಅದಕ್ಕೇ ತೂಕ ಜಾಸ್ತಿ. ಎದುರಿನ ವಕೀಲರು ಅದನ್ನು ಓದಿಸಿ, "ಇದು ನೀವೇ ಹೇಳಿದ್ದಲ್ವಾ?" ಅಂದರು. ಹೌದು ಅನ್ನದೆ ಇನ್ನೇನು ಅನ್ನಲಿ? ಇನ್ನು ನಾನು ಉಳಿಸಹೊರಟ ಡ್ರೈವರ್ ಸಾಕ್ಷಿ ಹೇಳಲು ಬಂದು, ಅಂಥ ಅಪಘಾತವೇ ಆಗಿಲ್ಲ ಅಂದ. ಅವನ ಮೇಲೆ ಈಗ ಸಿಟ್ಟಿಲ್ಲ, ಕೆಲಸದ ಪ್ರಶ್ನೆ. ಅರ್ಜಿ ವಜಾ ಆಯಿತು. ಮೇಲ್ಮನವಿಯಲ್ಲಿ ಕೊನೆಗೆ ರಾಜಿಯಾಗಿ ಬಂದ ದುಡ್ಡಲ್ಲಿ ಆಪರೇಷನ್ ಬಿಲ್ಲೂ ಪೂರ್ತಿ ತೀರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯೇ ತಪ್ಪು. ಪರಿಹಾರದ ಕೇಸು ಡ್ರೈವರ್‌ನ ಜೇಬಿಗೆ ಕೈ ಹಾಕೋದಲ್ಲ. ಕೆಲಸದ ಮೇಲಿದ್ದ ಡ್ರೈವರ್ ಮಾಡಿದ ತಪ್ಪಿಗೆ ಬಸ್ಸಿನ ಮಾಲೀಕರು, ಅಂದರೆ ಸಾರಿಗೆ ಸಂಸ್ಥೆ, ಹೊಣೆ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇಂಥ ಸಂಸ್ಥೆಗಳು ವಿನಾಯಿತಿ ಪಡೆದು, ವಿಮೆಯ ಬದಲು ತಮ್ಮದೇ ನಿಧಿ ಇಟ್ಟುಕೊಳ್ಳಬಹುದು. ಡ್ರೈವರ್‌ಗೆ ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ಪೊಲೀಸ್ ಕೇಸ್ ಆಗುತ್ತದೆ, ಇಲಾಖೆಯ ವಿಚಾರಣೆಯೂ ಬರಬಹುದು. ಆದರೆ ಅವನ ಕೆಲಸ ಉಳಿಸೋ ಜವಾಬ್ದಾರಿ ಮುರಿದ ಕೈಯವರದ್ದಾ?

ಮೂರು ವಾರ ಆಗಿದೆ ಅಂದಿದ್ದೀರಿ. ಮೊದಲು ಆಸ್ಪತ್ರೆಯಿಂದ ಕೇಸ್ ಶೀಟ್ ಪ್ರತಿ ತೆಗೆದುಕೊಂಡು ಏನು ಬರೆದಿದೆ ಓದಿ. ತಪ್ಪು ಬರೆಸಿದ್ದರೆ ತಿದ್ದಿಸೋಕೆ ಹೋಗಬೇಡಿ, ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಸ್ಟೇಷನ್‌ಗೆ ಹೋಗಿ ನಡೆದದ್ದು, ಆಗ ಯಾಕೆ ಹಾಗೆ ಹೇಳಿದ್ದು, ಯಾಕೆ ತಡವಾಯಿತು, ಮೂರನ್ನೂ ದೂರಿನಲ್ಲೇ ಬರೆದು ಕೊಡಿ. ಪಕ್ಕದಲ್ಲಿದ್ದ ಪ್ರಯಾಣಿಕರ ನಂಬರ್ ಇದ್ದರೆ ಇವತ್ತೇ ಫೋನ್ ಮಾಡಿ. 2022ರ ಏಪ್ರಿಲ್ 1ರಿಂದ, ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ ಬಂದಿದೆ. ಅದರ ಮೇಲೆ ಸುಪ್ರೀಂ ಕೋರ್ಟ್‌ನಲ್ಲಿ ತಕರಾರು ಇದೆ, ಆದರೆ ಅದನ್ನು ನಂಬಿ ಕೂರಬೇಡಿ. ಅಪಘಾತ ಆದ ಊರಿಗೇ ಹೋಗಬೇಕಿಲ್ಲ, ನೀವಿರುವ ಕಡೆಯ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೂ ಹಾಕಬಹುದು.

"ಕೈ ಮುರಿದರೆ ಎಷ್ಟು ಸಿಗುತ್ತೆ" ಅಂತಲೂ ಕೇಳಿದ್ದೀರಿ. ಹಾಗೆ ಮೂಳೆಗೊಂದು ರೇಟ್ ಇಲ್ಲ. ಡಾಕ್ಟರ್ ಹೇಳುವ ಅಂಗವೈಕಲ್ಯದ ಶೇಕಡಾ ಬೇರೆ, ಅದರಿಂದ ನಿಮ್ಮ ದುಡಿಮೆ ಎಷ್ಟು ಕುಗ್ಗಿತು ಅನ್ನೋದು ಬೇರೆ. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಕತ್ತರಿ ಹಿಡಿಯುವ ನನ್ನ ಕೈಗೂ ಪಾಠ ಹೇಳುವ ಮೇಷ್ಟ್ರ ಕೈಗೂ ಲೆಕ್ಕ ಒಂದೇ ಅಲ್ಲ. ದುಡಿಮೆಯ ನಷ್ಟವನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸುತ್ತಾರೆ, 36ರಿಂದ 40 ವರ್ಷದವರಿಗೆ ಅದು 15. ಹಾಗಾಗಿ ಆದಾಯದ ದಾಖಲೆ ಹುಡುಕಿಡಿ.

ಡಿಪೋದವರು ನಿಜವಾಗಿ ದುಡ್ಡು ಕೊಟ್ಟರೆ ಬೇಡ ಅನ್ನಬೇಡಿ. ಆದರೆ "ಪೂರ್ತಿ ಪರಿಹಾರ ಸಂದಿದೆ" ಅಂತ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಮತ್ತೆ ಆ ದಿನದ ಟಿಕೆಟ್ ಇದ್ದರೆ ಈಗಲೇ ಫೋಟೊ ತೆಗೆದಿಡಿ. ಮೆಷಿನ್ ಟಿಕೆಟ್‌ನ ಅಕ್ಷರ ಜಾಸ್ತಿ ದಿನ ಉಳಿಯಲ್ಲ.