ಮದುವೆ ವಿಡಿಯೋದಲ್ಲಿ ಮೇಣದ ಮುಖಗಳು

ಪ್ರಶ್ನೆ: ಅಕ್ಕನ ಮದುವೆಯ ಹಳೇ ಮಿನಿ ಡಿವಿ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಛತ್ರದ ಮಂದ ಬೆಳಕು, ಪರದೆ ತುಂಬಾ ಚುಕ್ಕಿ. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಸಾಫ್ಟ್‌ವೇರಿನಲ್ಲಿ ನಾಯ್ಸ್ (ಆ ಚುಕ್ಕಿ) ತೆಗೆದೆ, ಈಗ ಮುಖಗಳೆಲ್ಲ ಮೇಣದ ಗೊಂಬೆ ಥರ ಇವೆ. ಶಾರ್ಪ್ ಮಾಡಲು ಅದರಲ್ಲೇ ಇರುವ ಎರಡು ಫಿಲ್ಟರುಗಳಲ್ಲಿ ಅನ್‌ಶಾರ್ಪ್ ಒಳ್ಳೆಯದೋ, ಸಿಎಎಸ್ ಒಳ್ಳೆಯದೋ?

ಉತ್ತರ: ನಾನಾದರೆ ಸಿಎಎಸ್. ಅನ್‌ಶಾರ್ಪ್ ಮಾಡುವುದಿಷ್ಟೇ: ಚಿತ್ರವನ್ನು ಮಸುಕು ಮಾಡಿ, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಮೂಲಕ್ಕೇ ಕೂಡಿಸುತ್ತದೆ. ಹಾಗಾಗಿ ಅಂಚುಗಳ ಪಕ್ಕ ಬಿಳಿ ಗೆರೆ ಏಳುತ್ತದೆ. ಅದರಲ್ಲೂ ಆ ಕಾಲದ ಎಷ್ಟೋ ಕ್ಯಾಮೆರಾಗಳು ರೆಕಾರ್ಡ್ ಮಾಡುವಾಗಲೇ ಅಂಚನ್ನು ತಿದ್ದಿಬಿಡುತ್ತಿದ್ದವು, ಅದರ ಮೇಲೆ ಇನ್ನೊಂದು ಸಲ ಅಂದರೆ ಸೀರೆಯ ಜರಿ ಸುತ್ತ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಸಿಎಎಸ್ ಸುತ್ತಲಿನ ಕಾಂಟ್ರಾಸ್ಟ್ ನೋಡಿಕೊಂಡು, ಈಗಾಗಲೇ ಜೋರಾಗಿರುವ ಕಡೆ ಕೈ ಹಗುರ ಮಾಡುತ್ತದೆ. ಅದರ ಬಲವನ್ನು 0ಯಿಂದ 1ರವರೆಗೆ ಏರಿಸಬಹುದು, ನಿಮಗೆ 0.4 ಜಾಸ್ತಿಯೇ ಆದೀತು. ಅನ್‌ಶಾರ್ಪೇ ಬೇಕು ಅಂದರೆ ತಾನಾಗಿ ಬರುವ 1.0 ಬಲವನ್ನು ಅರ್ಧಕ್ಕೆ ಇಳಿಸಿ.

ಆದರೆ ಅಸಲಿ ಎಡವಟ್ಟು ನಾಯ್ಸ್ ತೆಗೆದದ್ದರಲ್ಲೇ ಇದೆ ಅಲ್ವಾ? ಅಳಿಸಿಹೋದ ಕೂದಲೆಳೆಯನ್ನು ಯಾವ ಶಾರ್ಪನಿಂಗೂ ವಾಪಸ್ ತರುವುದಿಲ್ಲ. ಆ ಹಂತಕ್ಕೇ ಹಿಂದೆ ಹೋಗಿ ಅರ್ಧ ಬಲದಲ್ಲಿ ಮಾಡಿ ನೋಡಿ, ಸ್ವಲ್ಪ ಚುಕ್ಕಿ ಉಳಿದರೆ ಉಳಿಯಲಿ ಬಿಡಿ. ಇನ್ನೊಂದು ಮಾತು, ಡಿವಿ ಟೇಪು ಸಾಮಾನ್ಯವಾಗಿ ಇಂಟರ್‌ಲೇಸ್ಡ್ ಇರುತ್ತದೆ, ಅಂದರೆ ಚಿತ್ರ ಗೆರೆ ಬಿಟ್ಟು ಗೆರೆ ಎರಡು ಕಂತಿನಲ್ಲಿ ದಾಖಲಾಗಿರುತ್ತದೆ; ಅದನ್ನು ಪೂರ್ತಿ ಚಿತ್ರಗಳಾಗಿಸುವ ಡಿಇಂಟರ್‌ಲೇಸ್ ಇದೆಲ್ಲಕ್ಕಿಂತ ಮೊದಲು.