ಬಲೆ ತುಂಬಿತು, ಸರಿ, ನೀರೆಷ್ಟಿತ್ತು?

ಪತ್ರ: ಸಮುದ್ರದ ಮೀನಿನ ಲೆಕ್ಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನೀರೊಳಗಿನ ಮೀನನ್ನು ಎಣಿಸಿದವರು ಯಾರು? ಸುಮ್ನೆ ಊಹೆ ಅಲ್ವಾ? ನಮ್ಮ ಕೆರೆಯಲ್ಲಿ ಮೀನು ಕಮ್ಮಿಯಾಗಿದೆ ಅಂತಾರೆ. ಈ ಬೇಸಿಗೆಯಲ್ಲಿ ಬಲೆ ಜಾಸ್ತಿಯೇ ತುಂಬಿತು.
– ಓದುಗರೊಬ್ಬರು, ಕುಣಿಗಲ್ ತಾಲ್ಲೂಕು

ಸಂಪಾದಕರ ಉತ್ತರ: ಊಹೆ ಹೌದು ಸ್ವಾಮಿ. ಆದರೆ ಎಷ್ಟು ತಪ್ಪಿರಬಹುದು ಅಂತಲೂ ಹೇಳುವ ಊಹೆ.

ನಿಮ್ಮ ಪತ್ರ ಓದಿ, ಒಂದು ಡಬ್ಬಿ ಅಲಸಂದೆ ಕಾಳು ತೆಗೆದೆ. 100 ಕಾಳಿಗೆ ಶಾಯಿ ಹಚ್ಚಿ, ಒಣಗಿಸಿ, ಡಬ್ಬಿಗೆ ಸುರಿದು ಕಲಸಿದೆ. (ಮನೆಯಲ್ಲಿ ಬೈಸಿಕೊಂಡೆ.) ಕಣ್ಣು ಮುಚ್ಚಿ ತೆಗೆದ 120 ಕಾಳಲ್ಲಿ ಶಾಯಿಯವು 8, ಅಂದರೆ 15ಕ್ಕೆ 1. ಹಾಗಾದರೆ ಡಬ್ಬಿಯಲ್ಲಿ 1,500 ಇರಬೇಕು. ಅವನ್ನು ವಾಪಸ್ ಹಾಕಿ, ಕಲಸಿ, ಮತ್ತೆ 120 ತೆಗೆದರೆ ಶಾಯಿಯವು 10. ಲೆಕ್ಕ 1,200ಕ್ಕೆ ಇಳಿಯಿತು. ಒಂದೊಂದಾಗಿ ಎಣಿಸಿದಾಗ ಸಿಕ್ಕಿದ್ದು 1,382. ಒಂದೇ ಹಿಡಿಯನ್ನು ನಂಬಬಾರದು, ಅಷ್ಟೇ.

ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲೇ ಮೀನಿಗೆ ಗುರುತು ಕಟ್ಟಿ ಬಿಡುತ್ತಿದ್ದರು. ಈ ಲೆಕ್ಕಕ್ಕೆ ಇವತ್ತಿಗೂ ಅವರದೇ ಹೆಸರು. ಆದರೆ ಮೀನು ಕಾಳಲ್ಲವಲ್ಲ. ಗುರುತಿನ ಮೀನು ಸತ್ತರೆ ಬಲೆಗೆ ಅವು ಕಮ್ಮಿ ಬೀಳುತ್ತವೆ, ಲೆಕ್ಕ ಸುಳ್ಳೇ ಉಬ್ಬುತ್ತದೆ. ಸಮುದ್ರದ ದಾರಿ ಬೇರೆ. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಆರಿಸಿದ ದಿನಗಳಲ್ಲಿ, ದಡಕ್ಕೆ ಬಂದ ಕೆಲವು ದೋಣಿಗಳ ಮೀನು ನೋಡಿ ಒಟ್ಟು ಹಿಡಿದ ಮೀನು ಎಷ್ಟೆಂದು ಅಂದಾಜು ಮಾಡುತ್ತಾರೆ.

ಇನ್ನು ನಿಮ್ಮ ತುಂಬಿದ ಬಲೆ. ಬೇಸಿಗೆಯಲ್ಲಿ ನೀರು ತೂಬಿನ ಕಡೆಗೆ ಸರಿಯುತ್ತದೆ, ಮೀನೂ ಅಲ್ಲೇ ಗುಂಪುಗೂಡುತ್ತದೆ. ಅಲ್ಲಿ ಬಲೆ ಬೀಸಿದರೆ ತುಂಬದೆ ಇನ್ನೇನು? ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನು ಹೀಗೇ ಮೋಸ ಮಾಡಿತು. ಒಟ್ಟು ಮೀನು ಕರಗುತ್ತಿದ್ದರೂ ಉಳಿದವು ಒತ್ತಾಗಿ ಸೇರುತ್ತಿದ್ದವು. ದೊಡ್ಡ ದೋಣಿಗಳಿಗೆ ಬಲೆ ತುಂಬುತ್ತಲೇ ಇತ್ತು, ಲೆಕ್ಕದವರೂ ಅದನ್ನು ಜಾಸ್ತಿ ನಂಬಿದರು. 1992ರಲ್ಲಿ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ಒಂದು ಮಾತು ಒಪ್ಪುತ್ತೇನೆ: ಸಮುದ್ರದ ಸೂತ್ರ ನಿಮ್ಮ ಕೆರೆಗೆ ಹಾಗೇ ಕೂರುವುದಿಲ್ಲ. ಕಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹಾಗಾಗಿ ಈ ಮೂರು ಜಾತಿಯಲ್ಲಿ ನೀವು ಬಿಟ್ಟ ಮರಿಗಳಿಗಿಂತ ಜಾಸ್ತಿ ಮೀನು ಸಿಗುವ ಮಾತೇ ಇಲ್ಲ. ಸತ್ತವೆಷ್ಟು, ಕೋಡಿ ಬಿದ್ದಾಗ ಕೊಚ್ಚಿಹೋದವೆಷ್ಟು ಅನ್ನುವುದೇ ಕಗ್ಗಂಟು.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಬಿಟ್ಟ ಮರಿಗಳ ಸಂಖ್ಯೆ ಮೊದಲ ಪುಟಕ್ಕೆ. ಆಮೇಲೆ ಬಲೆ ಹಾಕಿದ ಪ್ರತಿ ದಿನ ಎಷ್ಟು ಹೊತ್ತು ಹಾಕಿದಿರಿ, ಬಲೆಯ ಕಣ್ಣು ಎಷ್ಟಗಲ, ಯಾವ ಮೀನು ಎಷ್ಟು ಬಂತು, ತೂಬಿನ ಹತ್ತಿರ ನೀರೆಷ್ಟಿತ್ತು ಅಂತ ಬರೆಯಿರಿ. ಮುಂದಿನ ಬೇಸಿಗೆ ಮುಗಿದ ಮೇಲೆ ಕಳಿಸಿ, ನಿಮ್ಮ ಕೆರೆಯ ಲೆಕ್ಕವನ್ನೇ ಇಲ್ಲಿ ಹಾಕೋಣ.